ಗುಂಡಿ ಎಣಿಸಿ ಕಟ್ಟಿದ ರಣಗಾಡಿ

(ಶತಮಾನೋತ್ಸವದ ಅಂಗವಾಗಿ ಶಾಲೆಯಲ್ಲಿ ಏರ್ಪಡಿಸಿದ್ದ ಮಾದರಿಗಳ ಪ್ರದರ್ಶನದ ಉದ್ಘಾಟನೆಯಂದು ಮುಖ್ಯಾಧ್ಯಾಪಕಿಯವರು ಮಾಡಿದ ಭಾಷಣ)



ಈ ಪ್ರದರ್ಶನದಲ್ಲಿ ಗಾಳಿಗಿರಣಿ ಇದೆ, ನೀರೆತ್ತುವ ಯಂತ್ರವಿದೆ, ಸಕ್ಕರೆ ಕಾರಖಾನೆಯಿದೆ, ಹೃದಯದ ಮಾದರಿಯಂತೂ ಮೂರು ಇವೆ. ಇವೆಲ್ಲವುಗಳ ಗುಣವನ್ನು ತಾವು ಕಣ್ಣಾರೆ ಕಂಡು ಬಲ್ಲಿರಿ. ನಾವು ಇಂದು ಮಾತನಾಡಬೇಕೆಂದಿರುವುದು ಕೊನೆಯ ಮೇಜಿನ ಮೇಲಿರುವ ಒಂದೇ ಮಾದರಿಯ ಕುರಿತು. ಅದು ಆಟಿಕೆಯ ಪ್ಲಾಸ್ಟಿಕ್ ಇಟ್ಟಿಗೆಗಳಿಂದ ಕಟ್ಟಿದ, ಒಂದು ಗೇಣಿಗಿಂತ ಸ್ವಲ್ಪವೇ ಉದ್ದವಿರುವ ರಣಗಾಡಿ. ಟಿ-55 ಎಂಬ ಟ್ಯಾಂಕ್. ಕಟ್ಟಿದವಳು ಒಂಬತ್ತನೆಯ ಇಯತ್ತೆಯ ವಿದ್ಯಾರ್ಥಿನಿ. ಈ ಮಾದರಿಯನ್ನು ಪ್ರದರ್ಶನಕ್ಕೆ ತರಬಾರದೆಂದು ಮೊದಲು ಹೇಳಿದವರು ನಾವೇ ಆದುದರಿಂದ ಅದರ ಬಗ್ಗೆ ಮಾತನಾಡುವ ಹೊಣೆಯೂ ನಮ್ಮದೇ.

ಬೇಡವೆಂದುದಕ್ಕೆ ಕಾರಣವಿತ್ತು. ಚಂದಗಡ, ಗಡಹಿಂಗ್ಲಜ, ಆಜರಾ ಸೀಮೆಯಲ್ಲಿ ಸೈನ್ಯಕ್ಕೆ ಮಗನನ್ನು ಕಳಿಸದ ಊರನ್ನು ಹುಡುಕಬೇಕು. ಮರಾಠಾ ಲಘು ಪದಾತಿದಳದ ಕೇಂದ್ರ ಪಕ್ಕದ ಬೆಳಗಾವಿಯಲ್ಲಿದೆ. ನಮ್ಮದೇ ಜಿಲ್ಲೆಯ ಶಿರೋಳ ತಾಲೂಕಿನ ಒಂದು ಹಳ್ಳಿಗೆ ಸೈನಿಕ ಟಾಕಳಿ ಎಂದೇ ಹೆಸರು. ನಮ್ಮ ಹಾಜರಿ ಪುಸ್ತಕದಲ್ಲಿಯೂ ತಂದೆಯ ಉದ್ಯೋಗದ ಮುಂದೆ 'ಸೇನೆ' ಎಂದು ಬರೆದ ಸಾಲುಗಳು ಪ್ರತಿ ವರ್ಗದಲ್ಲಿ ಇವೆ. ರಜೆಗೆ ಬಂದು ಮರಳಿದವರುಂಟು, ಧ್ವಜದಲ್ಲಿ ಸುತ್ತಿಕೊಂಡು ಬಂದವರೂ ಉಂಟು. ಅಂಥ ಮನೆಗಳ ತಾಯಂದಿರು ಬಂದು ನೋಡುವ ಪ್ರದರ್ಶನದಲ್ಲಿ ಯುದ್ಧವನ್ನು ಆಟಿಕೆಯಾಗಿ ಇಡುವುದು ಹೇಗೆ? ಶಿಕ್ಷಕರ ಸಭೆಯಲ್ಲಿ ನಾವು ಇಷ್ಟನ್ನು ಹೇಳಿದೆವು; ಯಾರೂ ಎದುರಾಡಲಿಲ್ಲ.

ಎದುರಾಡಿದವಳು ಆ ಹುಡುಗಿ. ಕಚೇರಿಯ ಬಾಗಿಲಲ್ಲಿ ನಿಂತು, "ಅಕ್ಕೋರ, ದೀಪಾವಳಿಗೆ ಕಿಲ್ಲೇಕ್ಕ ಬಹುಮಾನ ಕೊಡ್ತೀರಿ. ಅದರಾಗೂ ತೋಪ ಅದಾವಲ್ಲರಿ?" ಎಂದಳು.

ಬೇರೆ ಸೀಮೆಯಿಂದ ಬಂದ ಅತಿಥಿಗಳಿಗಾಗಿ ಒಂದು ಮಾತು. ನಮ್ಮ ಕಡೆ ದೀಪಾವಳಿ ಬಂತೆಂದರೆ ಮಕ್ಕಳು ಮನೆಯಂಗಳದಲ್ಲಿ ಕಲ್ಲುಮಣ್ಣು ಒಟ್ಟಿ, ಹಳೆಯ ಗೋಣಿಚೀಲ ಹೊದಿಸಿ, ಕೆಸರು ಮೆತ್ತಿ ಕಿಲ್ಲೆ ಕಟ್ಟುತ್ತಾರೆ. ಅದಕ್ಕೆ ಅಗಸಿ, ಹುಡೆ, ಮೆಟ್ಟಿಲು, ಕೆಳಗೊಂದು ಕೆರೆ. ಸಾಸಿವೆಯನ್ನೋ ರಾಗಿಯನ್ನೋ ಚೆಲ್ಲಿದರೆ ಹಬ್ಬದ ಹೊತ್ತಿಗೆ ಇಳಿಜಾರೆಲ್ಲ ಹಸುರು. ಮೇಲೆ ಸಿಂಹಾಸನದಲ್ಲಿ ಶಿವಾಜಿ ಮಹಾರಾಜರು, ಸುತ್ತ ಬಣ್ಣದ ಮಾವಳೆ ಸಿಪಾಯಿಗಳು. ಕನ್ನಡ ಮನೆ, ಮರಾಠಿ ಮನೆ ಎಂಬ ಭೇದ ಈ ಕೆಸರಿಗಿಲ್ಲ. ಮಾದರಿಗೆ ಮೂಲವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಯೂ ಇಲ್ಲ. ಪಾರಗಡ, ಮಹಿಪಾಳಗಡ, ಕಲಾನಿಧಿಗಡ, ಗಂಧರ್ವಗಡ, ಈ ನಾಲ್ಕೂ ಚಂದಗಡ ತಾಲೂಕಿನವೇ, ಸಾಮಾನಗಡ ಗಡಹಿಂಗ್ಲಜದ್ದು. 1844ರಲ್ಲಿ ಗಡಕರಿಗಳು ಇಂಗ್ಲಿಷರ ವಿರುದ್ಧ ಬಂಡೆದ್ದುದು ಇದೇ ಸಾಮಾನಗಡದಲ್ಲಿ. 1674ರಲ್ಲಿ ಪ್ರತಾಪರಾವ ಗುಜರ ಆರು ಮಂದಿ ಸವಾರರೊಡನೆ ಶತ್ರುಸೇನೆಯ ಮೇಲೆ ನುಗ್ಗಿ ಮಡಿದ ನೇಸರಿಯೂ ಹತ್ತಿರದಲ್ಲಿಯೇ ಇದೆ. ಈ ಕಿಲ್ಲೆಗಳ ಸ್ಪರ್ಧೆಗೆ ನಾವು ವರ್ಷ ವರ್ಷವೂ ತೀರ್ಪುಗಾರರಾಗಿದ್ದೇವೆ. ಎಷ್ಟು ತೋಪುಗಳಿದ್ದರೆ ಅಷ್ಟು ಚೆಂದವೆಂದು ಅಂಕ ಕೊಟ್ಟಿದ್ದೇವೆ. ಮುನ್ನೂರು ವರ್ಷ ಹಳೆಯದಾದರೆ ಯುದ್ಧ ನೋಟಕ್ಕೆ ಸೊಗಸು, ಮೊನ್ನೆಯದಾದರೆ ಬೇಡ ಎಂಬ ನಮ್ಮ ನಿಯಮಕ್ಕೆ ಆಧಾರವೇನೆಂದು ಆ ಹುಡುಗಿ ಕೇಳಿದಂತಾಯಿತು. ಉತ್ತರ ಹೊಳೆಯಲಿಲ್ಲ. "ನಾಳೆ ಮಾತಾಡೋಣ" ಎಂದು ಕಳಿಸಿದೆವು. ಉತ್ತರ ಹೊಳೆಯದ ಶಿಕ್ಷಕರೆಲ್ಲರೂ ಹೇಳುವ ಮಾತೇ ಅದು.

ಇದೇ ತೊಡಕು ಆ ಇಟ್ಟಿಗೆಗಳನ್ನು ಮಾಡಿದವರಿಗೂ ಬಂದಿತ್ತೆಂಬುದು ಅನಂತರ ಓದಿ ತಿಳಿಯಿತು. ಡೆನ್ಮಾರ್ಕಿನ ಬಿಲ್ಲುಂಡ್ ಎಂಬ ಊರಿನ ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯನ್‌ಸೆನ್ 1932ರಲ್ಲಿ ಕಟ್ಟಿಗೆಯ ಆಟಿಕೆ ಮಾಡಲು ತೊಡಗಿದರು; ನಮ್ಮ ಗೋಕಾವಿಯ, ಸಾವಂತವಾಡಿಯ ಕುಶಲಿಗರಂತೆಯೇ. ಲೆಗೊ ಎಂದು ಹೆಸರಾದ ಆ ಸಂಸ್ಥೆ ಇಂದಿನ ರೂಪದ ಇಟ್ಟಿಗೆಗೆ ಹಕ್ಕುಪತ್ರ ಕೋರಿದ್ದು 1958ರಲ್ಲಿ. ಅಂದಿನ ಇಟ್ಟಿಗೆ ಇಂದಿನದಕ್ಕೂ ಕಚ್ಚಿಕೊಳ್ಳುತ್ತದೆ. ಎಂಟು ಉಬ್ಬುಗಳಿರುವ ಒಂದೇ ಬಣ್ಣದ ಆರು ಇಟ್ಟಿಗೆಗಳನ್ನು 91 ಕೋಟಿ 51 ಲಕ್ಷ 3 ಸಾವಿರದ 765 ಬಗೆಯಾಗಿ ಜೋಡಿಸಬಹುದೆಂದು ಗಣಿತಜ್ಞರು ಲೆಕ್ಕಹಾಕಿದ್ದಾರೆ. ಅಷ್ಟು ಸಾಧ್ಯತೆಗಳಿದ್ದರೂ ನಿಜವಾದ ಆಧುನಿಕ ಯುದ್ಧವಾಹನದ ಪೆಟ್ಟಿಗೆಯನ್ನು ಮಾರುವುದಿಲ್ಲವೆಂಬುದು ಆ ಸಂಸ್ಥೆಯ ನಿಯಮ. 2020ರಲ್ಲಿ ಆಸ್ಪ್ರೇ ಎಂಬ ವಿಮಾನದ ಪೆಟ್ಟಿಗೆ ಅಂಗಡಿಗೆ ಬರಲು ಸಿದ್ಧವಾಗಿದ್ದಾಗ, ಮೂಲ ವಿಮಾನವನ್ನು ಸೈನ್ಯವೇ ಬಳಸುತ್ತದೆಂಬ ಆಕ್ಷೇಪ ಬಂದು, ಅದನ್ನು ಹಿಂತೆಗೆದುಕೊಂಡರು. ಆದರೆ ಅವರೂ ಕೋಟೆ, ಕತ್ತಿ, ಕಡಲುಗಳ್ಳರ ತೋಪುಗಳನ್ನು ಮಾರುತ್ತಾರೆ! ಇತ್ತ ಪೋಲೆಂಡಿನ ಕೋಬಿ ಎಂಬ ಕಂಪನಿ ಅಂಥದೇ ಇಟ್ಟಿಗೆಗಳಲ್ಲಿ ಟ್ಯಾಂಕುಗಳ ಸಾಲನ್ನೇ ಮಾರುತ್ತಿದೆ. ಪೆಟ್ಟಿಗೆ ಕೊಳ್ಳದೆ ತಾವೇ ಅಳೆದು, ತಾವೇ ನಕ್ಷೆ ಹಾಕಿ ಕಟ್ಟುವ ಹವ್ಯಾಸಿಗಳು ಲೋಕದ ತುಂಬ ಇದ್ದಾರೆ. ನಮ್ಮ ಹುಡುಗಿಯ ಬಳಿ ಪೆಟ್ಟಿಗೆಯೂ ಇರಲಿಲ್ಲ, ನಕ್ಷೆಯೂ ಇರಲಿಲ್ಲ. ಪುಣೆಯ ಸೋದರಮಾವ ಕೊಟ್ಟ ಒಂದು ಚೀಲ, ಬೆಳಗಾವಿಯ ಖಡೇಬಜಾರದಿಂದ ತಂದ ಅಗ್ಗದ ಒಂದು ಡಬ್ಬಿ, ಮಿಕ್ಕದ್ದೆಲ್ಲ ಗೆಳತಿಯರ ಮನೆಗಳಿಂದ ತಂದ ಎರವಲು.

ಮರುದಿನ ಅವಳು ತನ್ನ ವಹಿಯನ್ನು ತಂದಳು. ಅದನ್ನು ತೆರೆದ ಮೇಲೆ ನಮ್ಮ ಆಕ್ಷೇಪ ಕೆಲಹೊತ್ತು ಮರೆತೇಹೋಯಿತು. ಗಣಿತದ ಶಿಕ್ಷಕರನ್ನು ಕರೆಸಬೇಕಾಯಿತು.

ಟಿ-55ರ ಒಡಲಿನ ಉದ್ದ ಸುಮಾರು 6.45 ಮೀಟರ್, ಅಗಲ 3.37 ಮೀಟರ್, ಎತ್ತರ 2.40 ಮೀಟರ್. ಮಾದರಿಕಾರರು ಬಹಳವಾಗಿ ಬಳಸುವ ಪ್ರಮಾಣ 35ಕ್ಕೆ 1. ಇಟ್ಟಿಗೆಯ ಮೇಲಿನ ಉಬ್ಬುಗಳನ್ನು ನಮ್ಮ ಮಕ್ಕಳು ಅಂಗಿಯ ಗುಂಡಿಯಂತಿವೆಯೆಂದು 'ಗುಂಡಿ' ಎನ್ನುತ್ತಾರೆ. ಒಂದು ಗುಂಡಿಯ ನಡುವಿನಿಂದ ಮತ್ತೊಂದರ ನಡುವಿಗೆ 8 ಮಿಲಿಮೀಟರ್. ಅವಳು ಭಾಗಿಸಿದ್ದಳು: ಅಗಲ 96 ಮಿಲಿಮೀಟರ್, ಅಂದರೆ 12 ಗುಂಡಿ. ಉದ್ದ 184 ಮಿಲಿಮೀಟರ್, ಅಂದರೆ 23 ಗುಂಡಿ. ಇಟ್ಟಿಗೆಯ ಎತ್ತರ 9.6 ಮಿಲಿಮೀಟರ್, ಏಳು ಇಟ್ಟಿಗೆ ಏರಿಸಿದರೆ ಗೋಪುರದ ನೆತ್ತಿ ಹೆಚ್ಚುಕಡಿಮೆ ಸರಿಹೋಗುತ್ತದೆ. ಇಷ್ಟು ಲೆಕ್ಕ ಐದನೆಯ ಇಯತ್ತೆಯವರೂ ಮಾಡಿಯಾರು. ತೊಡಕು ಮುಂದಿದೆ. ಅಗಲ 12 ಗುಂಡಿ, ಅಂದರೆ ಸಮಸಂಖ್ಯೆ. ಹಾಗಾಗಿ ನಟ್ಟನಡುವೆ ಗುಂಡಿಯೇ ಇಲ್ಲ. ತೋಪಿನ ನಳಿಗೆಯಾದರೋ ನಟ್ಟನಡುವೆಯೇ ನಿಲ್ಲಬೇಕು. ಎರಡು ಗುಂಡಿಯ ಜಾಗದಲ್ಲಿ ಮಧ್ಯಕ್ಕೆ ಒಂದೇ ಗುಂಡಿಯಿರುವ ತೆಳುಬಿಲ್ಲೆಯೊಂದುಂಟು. ಅಂಥದು ಇಡೀ ವರ್ಗದಲ್ಲಿ ಒಬ್ಬಳ ಮನೆಯಲ್ಲಿ ಮಾತ್ರ ಸಿಕ್ಕಿತಂತೆ.

ಮುಂಭಾಗದ ಇಳಿಜಾರು ತಗಡಿನ ಬಳಿ ಅವಳು ಎರಡು ವಾರ ನಿಂತಿದ್ದಳು. ನಿಜವಾದ ಗಾಡಿಯಲ್ಲಿ ಆ ಉಕ್ಕಿನ ದಪ್ಪ ಸುಮಾರು 100 ಮಿಲಿಮೀಟರ್. ಅದು ಲಂಬರೇಖೆಯಿಂದ 60 ಅಂಶ ವಾಲಿದೆ. ಹೀಗೇಕೆ ವಾಲಿಸಿದರೆಂದು ನಾವು ಕೇಳಿದಾಗ ಅವಳು ಫಲಕದ ಮೇಲೆ ತ್ರಿಕೋನ ಬರೆದು ತೋರಿಸಿದಳು: ಎದುರಿನಿಂದ ನೇರವಾಗಿ ಬರುವ ಗುಂಡು ವಾಲಿದ ತಗಡನ್ನು ಓರೆಯಾಗಿ ದಾಟಬೇಕು, 60 ಅಂಶದ ಕೊಸೈನ್ ಅರ್ಧ, ಆದುದರಿಂದ ಗುಂಡಿನ ಪಾಲಿಗೆ ಉಕ್ಕಿನ ದಪ್ಪ 200 ಮಿಲಿಮೀಟರ್ ಆಗುತ್ತದೆ. ತಗಡನ್ನು ದಪ್ಪವಾಗಿಸದೆ ರಕ್ಷಣೆ ಹೆಚ್ಚಿಸುವ ಉಪಾಯ. ತ್ರಿಕೋನಮಿತಿ ಯಾತಕ್ಕೆ ಬೇಕೆಂದು ಇದುವರೆಗೆ ನಮ್ಮನ್ನು ಕೇಳಿದ ವಿದ್ಯಾರ್ಥಿಗಳಿಗೆಲ್ಲ ಒಂದು ಉತ್ತರ ದೊರಕಿತು. ಇನ್ನು ಆ ವಾಲುವಿಕೆಯನ್ನು ಚೌಕ ಇಟ್ಟಿಗೆಗಳಲ್ಲಿ ತರುವುದು ಹೇಗೆ? ನೆಲದಿಂದ ಅಳೆದರೆ ಅದು 30 ಅಂಶ. ಕೋಷ್ಟಕದಲ್ಲಿ ಅದರ ಟ್ಯಾಂಜೆಂಟ್ 0.577. ನಾಲ್ಕು ಗುಂಡಿ ಮುಂದೆ ಸಾಗಿ ಎರಡು ಇಟ್ಟಿಗೆ ಮೇಲೇರಿದರೆ, 32ಕ್ಕೆ 19.2, ಅಂದರೆ 0.6. ಸ್ವಲ್ಪವೇ ಹೆಚ್ಚು. ಆ ಎರಡು ಬಿಂದುಗಳ ನಡುವೆ ಬಿಜಾಗರಿಯಂತೆ ಮಡಚುವ ತುಂಡನ್ನು ಹಾಕಿ ತಗಡನ್ನು ಮಲಗಿಸಿದ್ದಾಳೆ. ಪಕ್ಕದ ಗೋಡೆಗಳಲ್ಲಿ ಇಟ್ಟಿಗೆಗಳನ್ನು ಅಡ್ಡ ಮಲಗಿಸಿರುವುದನ್ನೂ ತಾವು ಗಮನಿಸಬೇಕು. 3.2 ಮಿಲಿಮೀಟರಿನ ಐದು ತೆಳುಬಿಲ್ಲೆಗಳ ಎತ್ತರವೂ ಎರಡು ಗುಂಡಿಗಳ ಅಗಲವೂ ಒಂದೇ, 16 ಮಿಲಿಮೀಟರ್. ನಿಂತದ್ದೂ ಮಲಗಿದ್ದೂ ಕೂಡಿಕೊಳ್ಳುವ ಕೀಲು ಅದು. ಇದನ್ನು ಅವಳು ಯಾರಿಂದಲೂ ಕಲಿತದ್ದಲ್ಲ, ಅಳತೆಪಟ್ಟಿ ಹಿಡಿದು ಕಂಡುಕೊಂಡದ್ದು.

ಈ ವಿವರಣೆಯಷ್ಟನ್ನೂ ಅವಳು ಮಾಡಿದ್ದು ಕನ್ನಡದಲ್ಲಿ. ಕನ್ನಡ ಮಾಧ್ಯಮದಲ್ಲಿ ವಿಜ್ಞಾನ ಮುಂದೆ ಸಾಗುವುದಿಲ್ಲವೆಂದು ಮಕ್ಕಳ ದಾಖಲೆ ಬಿಡಿಸಿಕೊಂಡು ಹೋಗುವ ಪಾಲಕರನ್ನು ನಾವು ಪ್ರತಿ ಜೂನ್ ತಿಂಗಳಲ್ಲಿ ಕಾಣುತ್ತೇವೆ. ಅವರೊಡನೆ ವಾದಿಸುವುದನ್ನು ಈಗೀಗ ಬಿಟ್ಟಿದ್ದೇವೆ. ಆ ವಹಿಯನ್ನು ಮೇಜಿನ ಮೇಲೆ ಮಾದರಿಯ ಪಕ್ಕದಲ್ಲಿಯೇ ಇಡಿಸಿದ್ದೇವೆ. ಬೇಕಾದವರು ತಿರುವಿ ನೋಡಬಹುದು.

ಆದರೂ ನಾವಿನ್ನೂ ಒಪ್ಪಿಗೆ ಕೊಟ್ಟಿರಲಿಲ್ಲ. ಲೆಕ್ಕ ಸರಿಯಿದ್ದ ಮಾತ್ರಕ್ಕೆ ಮೊದಲಿನ ಪ್ರಶ್ನೆ ಬಗೆಹರಿಯುವುದಿಲ್ಲವಲ್ಲ. ಆಗ ನಮಗೆ ನೆನಪಾದವರು ಶಾಲೆಯ ಹಳೆಯ ವಿದ್ಯಾರ್ಥಿಗಳಾದ ಒಬ್ಬ ನಿವೃತ್ತ ಸೈನಿಕರು. ಟಿ-55 ಗಾಡಿಗಳು 1971ರ ಯುದ್ಧದಲ್ಲಿ ನಮ್ಮ ಸೈನ್ಯದಲ್ಲಿದ್ದವು; ಇವರು ಸೇರಿದ್ದು ಆಮೇಲೆ, ಹಲವು ವರ್ಷ ಅದೇ ಗಾಡಿಯ ಚಾಲಕರಾಗಿದ್ದರು. ಕಿವಿ ಈಗ ಮಂದ. ಹೇಳಿಕಳಿಸಿದೊಡನೆ ಬಂದರು. ಮಾದರಿಯ ಮುಂದೆ ಕುರ್ಚಿ ಎಳೆದುಕೊಂಡು ಬಹಳ ಹೊತ್ತು ನೋಡಿದರು. ಅನಂತರ ಗಾಲಿಗಳ ಮೇಲೆ ಬೆರಳಿಟ್ಟರು.

"ತಂಗೀ, ಐದೂ ಗಾಲಿ ಸಮಾ ಹಚ್ಚೀದಿ. ಹಂಗಲ್ಲವ್ವಾ. ಮೊದಲನೇದಕ್ಕೂ ಎರಡನೇದಕ್ಕೂ ನಡುವ ಜಾಗಾ ಹೆಚ್ಚಿಗಿ ಇರತೈತಿ. ದೂರದಿಂದ ಅದನ್ನ ನೋಡೇ ಇದು ಐವತ್ತೈದು ಅಂತ ಗುರುತ ಹಿಡೀತಿದ್ವಿ."

ಅದು ಸತ್ಯ. ಒಂದು ಬದಿಗೆ ಐದು ಗಾಲಿ, ಮೊದಲ ಎರಡರ ನಡುವೆ ಎದ್ದು ಕಾಣುವ ಅಂತರ. ಆ ಗಾಡಿಯ ಕುರುಹೇ ಅದು. ಕರ್ನಾಟಕದ ಕಡೆ ಹೋಗುವವರು ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆ 'ಸನ್ನಿ ಸೈಡ್' ಮುಂದೆ ನಿಲ್ಲಿಸಿರುವ ಟ್ಯಾಂಕಿನಲ್ಲಿ ಇದನ್ನು ಕಾಣಬಹುದು. ಆ ಮನೆ 2021ರ ಫೆಬ್ರುವರಿಯಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಬಗೆಬಗೆಯ ಟ್ಯಾಂಕುಗಳನ್ನು ಒಟ್ಟಿಗೆ ನೋಡಬೇಕೆಂದರೆ ನಮ್ಮ ರಾಜ್ಯದ ಅಹಿಲ್ಯಾನಗರದಲ್ಲಿಯೇ (ಹಿಂದಿನ ಅಹಮದನಗರ) ಸೈನ್ಯದ ಟ್ಯಾಂಕ್ ಸಂಗ್ರಹಾಲಯವಿದೆ. ಮುಂದಿನ ವರ್ಷದ ಪ್ರವಾಸ ಅಲ್ಲಿಗೆಂದು ಮಕ್ಕಳು ಆಗಲೇ ನಿಶ್ಚಯಿಸಿದ್ದಾರೆ, ನಮ್ಮನ್ನು ಕೇಳದೆ.

ಹುಡುಗಿ ವಹಿಯಲ್ಲಿ ಗುರುತು ಹಾಕಿಕೊಳ್ಳುತ್ತಿದ್ದಳು. ಆ ಹಿರಿಯರು ಗೋಪುರವನ್ನು ಮೆಲ್ಲನೆ ತಿರುಗಿಸಿದರು, ಒಳಗೆ ಇಣುಕಲು ನೋಡಿದರು. ಅದು ಪೂರ್ತಿ ತುಂಬಿದ ಗಟ್ಟಿ ಗೋಪುರ.

"ನಮ್ಮ ಗಾಡಿಯಾಗ ನಾಲ್ಕು ಮಂದಿ ಇರತಿದ್ವಿ. ಇದರಾಗ ಯಾರೂ ಇಲ್ಲಲ್ಲ?"

ಬಳಿಕ ಅವರೇ ತೋರಿಸಿಕೊಟ್ಟರು. ಮುಂದೆ ಎಡಕ್ಕೆ ಚಾಲಕ, ಅಲ್ಲಿ ತಾವು. ಗೋಪುರದಲ್ಲಿ ಎಡಗಡೆ ಗುರಿಕಾರ, ಅವನ ಬೆನ್ನ ಹಿಂದೆ ಗಾಡಿಯ ನಾಯಕ. ಮುಚ್ಚಳ ಹಾಕಿದ ಮೇಲೆ ಹೊರಗಿನ ಲೋಕ ಒಂದು ಕಿಂಡಿಯಷ್ಟು. ರಾಜಸ್ಥಾನದ ಬೇಸಿಗೆಯಲ್ಲಿ ಒಳಗಿನ ಕಬ್ಬಿಣವನ್ನು ಬರಿಗೈಯಿಂದ ಮುಟ್ಟುವಂತಿರಲಿಲ್ಲ. ಬಲಗಡೆ ಗುಂಡು ತುಂಬುವವನು ಕೂರುತ್ತಿದ್ದ ಎಂದರು. ಆ ಬದಿಯ ಮೇಲೆ ಬೆರಳಿಟ್ಟು ಸುಮ್ಮನಾದರು. ನಾವು ಮುಂದೆ ಕೇಳಲಿಲ್ಲ, ಅವರೂ ಹೇಳಲಿಲ್ಲ. ಚಹ ಕುಡಿದು ಹೊರಟರು.

ಹುಡುಗಿ ಮರುದಿನದಿಂದ ಗೋಪುರವನ್ನು ಬಿಚ್ಚಿ ಹೊಸದಾಗಿ ಕಟ್ಟಿದಳು. ಅವಳ ತಂದೆಯೂ ಸೇನೆಯಲ್ಲಿದ್ದಾರೆ. ವರ್ಷಕ್ಕೆ ಎರಡು ಸಲ ಬರುತ್ತಾರೆ. ಈಗ ಗೋಪುರ ಮುಚ್ಚಳದಂತೆ ಎತ್ತಿ ತೆಗೆಯಲು ಬರುತ್ತದೆ, ಒಳಗೆ ಆಸನಗಳಿವೆ. ಹೊರಗೆ ಹಸಿರು ಬಣ್ಣ ಸಾಲದೆ ಬಂದುದರಿಂದ ಒಳಗಿನ ಇಟ್ಟಿಗೆಗಳು ಕೆಂಪು, ಹಳದಿ, ನೀಲಿ, ಸಿಕ್ಕ ಬಣ್ಣ. ಕೂರಿಸಲು ಆ ಪ್ರಮಾಣದ ಪ್ಲಾಸ್ಟಿಕ್ ಗೊಂಬೆಗಳು ಸಿಗಲಿಲ್ಲ. ದೀಪಾವಳಿಯ ಕಿಲ್ಲೆಯ ಮಣ್ಣು ಅಂಗಳದ ಮೂಲೆಯಲ್ಲಿ ಉಳಿದಿತ್ತು. ಅದನ್ನೇ ಕಲಸಿ ನಾಲ್ವರನ್ನು ಮಾಡಿ ಒಣಗಿಸಿದ್ದಾಳೆ. ಅವರನ್ನು ಕಂಡ ದಿನ ನಾವು ಒಪ್ಪಿಗೆಯ ಸಹಿ ಹಾಕಿದೆವು. ಮೊದಲಿನ ನಮ್ಮ ಅಳುಕು ತಪ್ಪೆಂದು ಈಗಲೂ ಅನಿಸಿಲ್ಲ. ಆ ಮೇಜಿನ ಬಳಿ ಯಾವ ತಾಯಿಯಾದರೂ ಬಂದು ನಿಂತರೆ ನಮಗೆ ಎದೆ ನಡುಗುವುದುಂಟು. ಆದರೆ ಗೋಪುರವನ್ನು ಎತ್ತಿ ತೋರಿಸದೆ ಯಾರನ್ನೂ ಮುಂದೆ ಕಳಿಸಬಾರದೆಂದು ಆ ಹುಡುಗಿಗೆ ಹೇಳಿದ್ದೇವೆ.

ಪ್ರದರ್ಶನ ರವಿವಾರ ಸಂಜೆ ಐದರವರೆಗೆ ತೆರೆದಿರುತ್ತದೆ. ಫಲಕಗಳು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಇವೆ. ನೆರೆಯ ಶಾಲೆಗಳ ಮಕ್ಕಳನ್ನು ಕರೆತನ್ನಿ. ನೋಡಬೇಕೆನ್ನುವವರು ಅಷ್ಟರೊಳಗೆ ಬರಬೇಕೆಂದು ವಿನಂತಿ. ಏಕೆಂದರೆ ಐದು ಗಂಟೆಯ ಮೇಲೆ ಆ ಗಾಡಿಯನ್ನು ಬಿಚ್ಚಲಾಗುವುದು. ಎರವಲು ತಂದ ಇಟ್ಟಿಗೆಗಳ ಯಾದಿ, ಯಾರ ಮನೆಯದು ಎಷ್ಟು, ಯಾವ ಬಣ್ಣದ್ದು ಎಂದು ವಹಿಯ ಕೊನೆಯ ನಾಲ್ಕು ಪುಟಗಳಲ್ಲಿದೆ. ಸೋಮವಾರ ಶಾಲೆಗೆ ಬರುವಾಗ ಎಲ್ಲವನ್ನೂ ಹಿಂತಿರುಗಿಸುವುದಾಗಿ ಅವಳು ಗೆಳತಿಯರಿಗೆ ಮಾತು ಕೊಟ್ಟಿದ್ದಾಳೆ. ಮಣ್ಣಿನ ನಾಲ್ವರು ಮಾತ್ರ ಯಾರಿಗೂ ಹಿಂತಿರುಗಿಸಬೇಕಾದವರಲ್ಲ. ಅವರನ್ನು ಆ ಹಿರಿಯರು ಕೇಳಿದ್ದಾರೆ.