ಗ್ರಿನ್ನೆಲ್ ಸರೋವರಗಳ ದಾರಿ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ, ಕೆನಡಾದ ಎಲ್ಲೆಗೆ ತಾಗಿದಂತೆ, ಮಾಂಟಾನಾ ಎಂಬ ಸಂಸ್ಥಾನವಿದೆ. ಅಲ್ಲಿನ ರಾಕಿ ಪರ್ವತಗಳ ಒಂದು ಭಾಗವನ್ನು 1910ರಲ್ಲಿ ಗ್ಲೇಸಿಯರ್, ಎಂದರೆ ಹಿಮನದಿ, ರಾಷ್ಟ್ರೀಯೋದ್ಯಾನವೆಂದು ಕಾದಿರಿಸಿದರು. ಉದ್ಯಾನವೆಂದೊಡನೆ ಹೂವಿನ ಮಡಿಗಳೂ ಕಲ್ಲುಬೆಂಚುಗಳೂ ನಮ್ಮ ಕಣ್ಣ ಮುಂದೆ ಸುಳಿಯುವುದು ಸಹಜ. ಇಲ್ಲಿ ಅವಾವುವೂ ಇಲ್ಲ. 1,500 ಚದರ ಮೈಲಿಗೂ ಮಿಕ್ಕ ಬೆಟ್ಟ, ಕಾಡು, ನೀರು. ಇದರೊಳಗಿನ ಒಂದು ಕಾಲುದಾರಿಯನ್ನು ಮಾತ್ರ ಈ ಹೊತ್ತು ಹಿಡಿಯೋಣ.

ಮೆನಿ ಗ್ಲೇಸಿಯರ್ ಕಣಿವೆಯಿಂದ ಹೊರಟರೆ ಮೊದಲು ಸ್ವಿಫ್ಟ್‌ಕರೆಂಟ್, ಆಮೇಲೆ ಜೋಸೆಫೀನ್ ಸರೋವರಗಳು ಸಿಕ್ಕುವುವು. ಇವನ್ನು ದೋಣಿಯಲ್ಲಿ ದಾಟುವವರೂ ಉಂಟು. ನಡೆದೇ ಹೋದರೆ ಹೋಗಿಬರಲು 10 ಮೈಲಿಗೆ ಮೀರುತ್ತದೆ. ಕರಡಿಗಳ ಸೀಮೆಯಾದುದರಿಂದ ಗಟ್ಟಿಯಾಗಿ ಮಾತನಾಡುತ್ತ ಸಾಗಬೇಕು. ಪ್ರಕೃತಿಯ ಆರಾಧನೆಗೆ ಮೌನವೇ ತಕ್ಕುದೆಂದು ಬಗೆದವರಿಗೆ ಇದು ಕೊಂಚ ಮುಜುಗರವೇ ಸರಿ. ಆದರೆ ಥಟ್ಟನೆ ಎದುರಾದ ಕರಡಿಗೆ ಕಾವ್ಯಾಭಿರುಚಿ ಇರುವುದಿಲ್ಲ.

ದಾರಿ ಮೇಲೇರಿದಂತೆ ಕೆಳಗೆ ಗ್ರಿನ್ನೆಲ್ ಸರೋವರ ಕಾಣುವುದು. ಅದರ ಬಣ್ಣ ಹಾಲು ಬೆರೆಸಿದ ಪಚ್ಚೆ. ಮೇಲಿನ ಹಿಮನದಿ ತನ್ನ ಭಾರದಿಂದ ಬಂಡೆಯನ್ನು ಅರೆಯುತ್ತದೆ. ಹಿಟ್ಟಿನಂಥ ಆ ಕಲ್ಲುಪುಡಿ ನೀರಿನಲ್ಲಿ ತೇಲುತ್ತ ಬೆಳಕನ್ನು ಚದರಿಸುವುದರಿಂದ ಈ ವರ್ಣ. ಹೆಸರು ಜಾರ್ಜ್ ಬರ್ಡ್ ಗ್ರಿನ್ನೆಲ್ ಎಂಬಾತನದು. ಆತನು 1887ರಲ್ಲಿ ಈ ಹಿಮದವರೆಗೆ ಹತ್ತಿಬಂದನು. ಉದ್ಯಾನಕ್ಕಾಗಿ ಬಹುಕಾಲ ಬರೆದು ದುಡಿದನು. ಸರ್ಕಾರವು ಬ್ಲ್ಯಾಕ್‌ಫೀಟ್ ಜನರಿಂದ ಈ ನೆಲವನ್ನು 15 ಲಕ್ಷ ಡಾಲರುಗಳಿಗೆ ಪಡೆದ 1895ರ ಕರಾರಿನಲ್ಲಿ ಸರ್ಕಾರದ ಪರವಾಗಿ ಕುಳಿತ ಮೂವರಲ್ಲಿ ಒಬ್ಬನೂ ಆತನೇ. ಆ ಜನರಿಗೆ ಈ ಪರ್ವತಗಳು ಲೋಕದ ಬೆನ್ನೆಲುಬು. ಎರಡು ಹೆಸರುಗಳನ್ನೂ ನೆನೆದು ಮುಂದೆ ನಡೆಯುವುದು ನ್ಯಾಯವೆಂದು ನಮಗೆ ತೋರುತ್ತದೆ.

ಕಡೆಯ ಏರು ಕೆರೆಯ ಏರಿಯನ್ನು ಹತ್ತಿದಂತೆ. ಹಿಮವೇ ತಳ್ಳಿತಂದು ರಾಶಿಹಾಕಿದ ಕಲ್ಲುಮಣ್ಣಿನ ದಿಬ್ಬ ಅದು. ನೆತ್ತಿಯಲ್ಲಿ ನಿಂತರೆ ಮತ್ತೊಂದು ಸರೋವರ. ಬೇಸಗೆಯಲ್ಲಿಯೂ ಹಿಮದ ತುಂಡುಗಳು ಅದರಲ್ಲಿ ತೇಲುತ್ತಿರುವುವು. ಗ್ರಿನ್ನೆಲ್ ಬಂದಾಗ ಈ ಸರೋವರವಿರಲಿಲ್ಲ. ಇಲ್ಲಿದ್ದುದು ಹಿಮ. 1938ರಲ್ಲಿ ಗೌಲ್ಡ್ ಶಿಖರದಿಂದ ತೆಗೆದ ಛಾಯಾಚಿತ್ರವನ್ನು ಈ ಶತಮಾನದಲ್ಲಿ ಅಲ್ಲಿಂದಲೇ ತೆಗೆದುದರೊಡನೆ ಇಟ್ಟು ನೋಡಿದರೆ, ಬಿಳುಪಾಗಿದ್ದ ಎಡೆಯೆಲ್ಲ ನೀರಾಗಿದೆ. ಲೋಕದ ಬಿಸುಪು ಏರಿದುದರ ಫಲವಿದು. ಉದ್ಯಾನದ ಹೆಸರುಳ್ಳ ಹಿಮನದಿಗಳಲ್ಲಿ 25 ಎಕರೆಗೆ ಕಡಮೆಯಿಲ್ಲದವು 1966ರಲ್ಲಿ 35 ಇದ್ದುವು, 2015ರಲ್ಲಿ 26. ನಾವು ಸರೋವರವೆಂದು ಮೆಚ್ಚುವುದು ಹಿಮದ ಅಳಿವನ್ನೇ.

ಹಿಮ ಹೋಗುವ ಮುನ್ನ ಒಮ್ಮೆ ನೋಡಿಬಿಡೋಣವೆಂಬ ಆತುರ ಯಾತ್ರಿಕರಲ್ಲಿ ಕಾಣುವುದುಂಟು. ಅದನ್ನು ನಾವು ಮೆಚ್ಚಲಾರೆವು. ನೋಟಕನಿಗೆ ತಪ್ಪುವುದು ಒಂದು ನೋಟ. ತೊರೆಗಳಿಗೆ ತಪ್ಪುವುದು ಬೇಸಗೆಯ ಕೊನೆಯ ತಣ್ಣೀರು. ಆ ತಣ್ಣೀರನ್ನೇ ನಂಬಿ ಕಲ್ಲುಗಳ ಸಂದಿನಲ್ಲಿ ಬದುಕುವ ಸಣ್ಣ ಕೀಟವೊಂದನ್ನು ಅಮೆರಿಕದ ಸರ್ಕಾರ 2019ರಲ್ಲಿ ಅಪಾಯಕ್ಕೆ ಸಿಕ್ಕ ಜೀವಿಗಳ ಪಟ್ಟಿಗೆ ಸೇರಿಸಿತು. ನೀರು ಬೆಚ್ಚಗಾದಂತೆಲ್ಲ ಮೇಲಕ್ಕೆ, ಇನ್ನೂ ಮೇಲಕ್ಕೆ ಸರಿಯುವುದೊಂದೇ ಅದಕ್ಕುಳಿದ ದಾರಿ. ಹಿಮದಿಂದಾಚೆಗೆ ಇರುವುದು ಬಂಡೆಯ ಗೋಡೆ.