ಲಾರಿ ಡ್ರೈವರನ ಎಂಟು ಗಂಟೆ



ಲಾರಿ ಹಳ್ಳಕ್ಕೆ ಬಿದ್ದರೆ ಡ್ರೈವರನಿಗೆ ನಿದ್ದೆ ಬಂತು ಎನ್ನುತ್ತಾರೆ. ಅವನ ನಿದ್ದೆ ಕಸಿದವರು ಯಾರೆಂದು ಕೇಳುವವರಿಲ್ಲ. ನಾವು ಕೇಳೋಣ.

1961ರಲ್ಲಿ ಪಾರ್ಲಿಮೆಂಟು ಮೋಟಾರು ಸಾರಿಗೆ ಕೆಲಸಗಾರರ ಕಾಯಿದೆ ಮಾಡಿತು. ದಿನಕ್ಕೆ 8 ಗಂಟೆ, ವಾರಕ್ಕೆ 48. ದೂರದ ಹಾದಿಗೆ ಅಪ್ಪಣೆ ಪಡೆದರೆ 10 ಮತ್ತು 54. 5 ಗಂಟೆ ದುಡಿದರೆ ಅರ್ಧ ಗಂಟೆ ಬಿಡುವು. ಒಂದು ದಿನದ ಕೆಲಸ ಮುಗಿದು ಮರುದಿನದ್ದು ಹಿಡಿಯುವ ಮುನ್ನ 9 ಗಂಟೆ ಸತತ ವಿಶ್ರಾಂತಿ. ಆದರೆ ಐವರಿಗಿಂತ ಕಡಿಮೆ ಕೆಲಸಗಾರರಿದ್ದ ಮಾಲೀಕನಿಗೆ ಅದು ತಾನಾಗಿ ತಗುಲಲಿಲ್ಲ. ಅದರ ಜಾಗಕ್ಕೆಂದು ಬಂದ 2020ರ ಸಂಹಿತೆ 8 ಗಂಟೆಯನ್ನು ಉಳಿಸಿತು, ಹೆಚ್ಚಿನ ದುಡಿಮೆಗೆ ಇಮ್ಮಡಿ ಕೂಲಿ ಎಂದಿತು. ಆದರೆ ಆ ಐದನ್ನು ಹತ್ತು ಮಾಡಿತು. ಒಂದೆರಡು ಲಾರಿಯ ಮಾಲೀಕರೇ ತುಂಬಿರುವ ಈ ಕಸುಬಿನಲ್ಲಿ ಬಾಗಿಲು ಇನ್ನಷ್ಟು ಕಿರಿದಾಯಿತು.

ಟ್ರಿಪ್ಪಿನ ಲೆಕ್ಕದಲ್ಲಿ ಕೂಲಿ ಕೊಟ್ಟರೆ ನಿಂತ ಗಂಟೆಯೆಲ್ಲ ನಷ್ಟ. ಹಾಗಿರುವಾಗ ಡ್ರೈವರನನ್ನು ಅವನ ಹೊಟ್ಟೆಯೇ ಓಡಿಸುತ್ತದೆ, ಬೈಯುವ ಮಾಲೀಕನೂ ಬೇಕಿಲ್ಲ.

ಆದ್ದರಿಂದ ನಮ್ಮ ಬೇಡಿಕೆ ಐದು: ಒಂದೇ ಲಾರಿಯಿದ್ದರೂ ಕಾಯಿದೆ ತಗುಲಲಿ, ತಿಂಗಳ ಸಂಬಳವಿರಲಿ, ಲೋಡಿಗೆ ಕಾದ ಹೊತ್ತೂ ದುಡಿಮೆಯೆನಿಸಲಿ, ದೂರದ ಲಾರಿಗೆ ಇಬ್ಬರು ಡ್ರೈವರಿರಲಿ, ಹೆದ್ದಾರಿಯಲ್ಲಿ ಲಾರಿ ನಿಲ್ಲಿಸಿ ಮಲಗಲು ನೆರಳು, ನೀರು ಇರಲಿ.

ಹೊರಟ ಹೊತ್ತು, ನಿಂತ ಹೊತ್ತು ಇಂದಿನಿಂದಲೇ ಪುಸ್ತಕದಲ್ಲಿ ಬರೆದಿಡಿ. ಬಾಯಿಮಾತನ್ನು ಅಲ್ಲಗಳೆದವರು ಲೆಕ್ಕವನ್ನು ಅಷ್ಟು ಸುಲಭವಾಗಿ ಅಲ್ಲಗಳೆಯಲಾರರು.