ಬೆಂಚಿನ ಬಲ



ಬ್ಯಾಸ್ಕೆಟ್‌ಬಾಲ್‌ನಲ್ಲಿ ಅಂಗಳಕ್ಕಿಳಿಯುವವರು ಐವರೇ. ಆದರೂ ಅಮೆರಿಕದ ಎನ್‌ಬಿಎ ತಂಡಗಳು ಋತುವಿನಲ್ಲಿ 15 ಆಟಗಾರರವರೆಗೆ ಪೂರ್ಣ ಪ್ರಮಾಣದ ಒಪ್ಪಂದ ಮಾಡಿಕೊಳ್ಳುತ್ತವೆ. 2014-15ರಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್‌ನ ಆಂಡ್ರೆ ಇಗುಡಾಲ ಲೀಗ್‌ನಲ್ಲಿ ಆಡಿದ 77 ಪಂದ್ಯಗಳಲ್ಲೂ ಬದಲಿ ಆಟಗಾರನಾಗಿಯೇ ಇಳಿದಿದ್ದರು. ಫೈನಲ್‌ನಲ್ಲಿ ತಂಡ 1-2ರಿಂದ ಹಿಂದಿದ್ದಾಗ ಕೋಚ್ ಸ್ಟೀವ್ ಕರ್ ಅವರನ್ನು ಆರಂಭದಿಂದಲೇ ಆಡಿಸಿದರು. ತಂಡ 4-2ರಿಂದ ಗೆದ್ದಿತು. ಫೈನಲ್‌ನ ಶ್ರೇಷ್ಠ ಆಟಗಾರ ಇಗುಡಾಲ!

ಅದೇ ಬೇಸಿಗೆಯಲ್ಲಿ, ಬೆಂಚಿಗೆ ಸರಿದಿದ್ದ ದುಬಾರಿ ಆಟಗಾರ ಡೇವಿಡ್ ಲೀ ಅವರನ್ನು ಸಂಬಳದ ಹೊರೆ ಇಳಿಸಲು ಬಾಸ್ಟನ್ ತಂಡಕ್ಕೆ ಬಿಟ್ಟುಕೊಟ್ಟರು. ಅದು ವ್ಯವಹಾರ, ತಪ್ಪೇನಲ್ಲ.

ಆದರೆ ಸರ್ಕಾರಿ ಶಾಲೆ ವ್ಯವಹಾರವಲ್ಲ. ಹಳೆಯ ವಿದ್ಯಾರ್ಥಿಯಾಗಿ ನನ್ನದೊಂದೇ ವಿನಂತಿ: ಎಸ್ಸೆಸ್ಸೆಲ್ಸಿ ಫಲಿತಾಂಶ ಏರಿಸಲೆಂದು ಹಿಂದಿನ ಬೆಂಚಿನ ಯಾವ ಮಗುವಿಗೂ ಟಿ.ಸಿ. ಕೊಡುವುದು ಬೇಡ. ಆ ಮಗುವಿನ ಸರದಿಯೂ ಬರುತ್ತದೆ.